ಹನ್ನೊಂದನೆಯ ಸಲದ ನಗು

“ಈ ನಗು ಸುಳ್ಳು!”

ನಿದಿಯಾ ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ತಂದಳು. ಸಭಾಂಗಣದ ದೀಪಗಳು ಆಗಷ್ಟೇ ಹತ್ತಿದ್ದವು. ಕಾಲಿ ನಗರದ ಆ ಹಳೆಯ ಸಿನಿಮಾ ಕ್ಲಬ್ಬಿನಲ್ಲಿ ಎಂಬತ್ತು ಜನ ಕಣ್ಣುಜ್ಜಿಕೊಳ್ಳುತ್ತ ಅವಳನ್ನೇ ನೋಡುತ್ತಿದ್ದರು. ಶನಿವಾರದ ಮೂರೂವರೆಯ ಆಟ ಮುಗಿದ ಮೇಲೆ ಯಾರೂ ಎದ್ದು ಹೋಗುವಂತಿಲ್ಲ, ವಾದ ಮಾಡಲೇಬೇಕು. ಇಲ್ಲಿ ಹಲವರು ಬರುತ್ತಿದ್ದುದೇ ವಾದಕ್ಕೆ. ಸಿನಿಮಾ ಬರೀ ನೆಪ.

“ನಾಲ್ಕು ಜನ ಕಳ್ಳರು ಪೊಲೀಸರಿಂದ ತಪ್ಪಿಸ್ಕೊಂಡು, ನದಿ ದಾಟಿ ಒಂದು ಹಳ್ಳಿಗೆ ಬರ್ತಾರೆ. ಯಾವುದೋ ಮನೇಲಿ ಹಾಡು, ಕುಣಿತ. ಹಬ್ಬ ಅಂದ್ಕೊಂಡು ಒಳಗೆ ನುಗ್ತಾರೆ. ನೋಡಿದ್ರೆ ಸಾವಿನ ಮನೆ! ಇಲ್ಲೀವರೆಗೂ ಚೆನ್ನಾಗಿದೆ. ನಾನೂ ನಕ್ಕೆ. ಆದ್ರೆ ಆ ಮನುಷ್ಯ... ಮಗುವಿನ ಶವಪೆಟ್ಟಿಗೆ ಎತ್ಕೊಂಡು ಕುಣೀತಾ ನಗ್ತಾನಲ್ಲ, ಅವನು! ಪ್ರಪಂಚದ ಯಾವ ಮೂಲೇಲಿ ಹೀಗೆ ನಗ್ತಾರೆ ಹೇಳಿ? ನಮ್ಮ ನಿರ್ದೇಶಕ ರಿಯಾಸ್ಕೊಸ್ ಇದನ್ನ ಯುರೋಪಿನ ಯಾವುದೋ ಹಳೇ ಸಿನಿಮಾದಿಂದ ಎತ್ತಿದಾನೆ. ಎತ್ತಲಿ, ಬೇಡ ಅನ್ನಲ್ಲ. ನಗೋಕೆ ಬರೋರನ್ನಾದ್ರೂ ಕರೆಸಬಾರದಿತ್ತಾ?”

ಅಷ್ಟಕ್ಕೇ ನಿಲ್ಲಿಸಬಹುದಿತ್ತು.

ನಿಲ್ಲಿಸಲಿಲ್ಲ. ಎರಡು ಕೈಗಳನ್ನೂ ಮುಂದೆ ಚಾಚಿ, ಇಲ್ಲದ ಪೆಟ್ಟಿಗೆಯನ್ನು ಎತ್ತಿ ಹಿಡಿದು, ತಲೆ ಹಿಂದಕ್ಕೆ ಚೆಲ್ಲಿ ಅವಳು ಆ ನಗುವನ್ನು ಅಣಕಿಸಿದಳು. “ಹಾ... ಹಾ... ಹ್ಹಾ!”

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಕ್ಲಬ್ಬಿನ ಅಧ್ಯಕ್ಷ ದೋನ್ ಉಲ್ಪಿಯಾನೊ, ನಿವೃತ್ತ ಗಣಿತದ ಮೇಷ್ಟ್ರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಿದಿಯಾಳ ಎದೆ ಹಿಗ್ಗಿತು. ‘ಇವತ್ತು ನಾನೇ ಗೆದ್ದೆ!’

ಆಗ ಹಿಂದಿನ ಸಾಲಿನಲ್ಲಿ ಒಬ್ಬ ಎದ್ದು ನಿಂತ.

“ಮೈಕ್ ಕೊಡ್ತೀರಾ?”

“ಸರದಿ ಪ್ರಕಾರ, ಸರ್,” ಎಂದರು ದೋನ್ ಉಲ್ಪಿಯಾನೊ.

“ಯಾರ ಬಗ್ಗೆ ಮಾತಾಡಿದ್ರೋ ಅವರು ಇಲ್ಲೇ ಇದ್ರೆ ಮೊದಲ ಸರದಿ ಅವರದು ಅಂತ ಬಾಗಿಲಲ್ಲಿ ಬರೆದು ಹಾಕಿದೀರಲ್ಲ?”

ಎತ್ತರದ ಮೈಕಟ್ಟು, ಮೂವತ್ತರ ಪ್ರಾಯ, ತೋಳಿನ ಮೇಲೆ ಮರದ ಹುಡಿ. ಮಾತಿನಲ್ಲಿ ಪೆಸಿಫಿಕ್ ಕರಾವಳಿಯ ಎಳೆತ. ನಿದಿಯಾ ಆ ಮುಖವನ್ನು ನೋಡಿದಳು. ಎಲ್ಲಿ ನೋಡಿದ್ದು ಇದನ್ನು?

ಗೊತ್ತಾದಾಗ ಅವಳು ಕೈಯಲ್ಲಿದ್ದ ಮೈಕನ್ನು ಹಿಂದಿನ ಸಾಲಿಗೆ ದಾಟಿಸಿದಳು.

“ಆ ನಗು ನಂದು,” ಎಂದ ಅವನು. “ದೈರೊ ಮೊಸ್ಕೇರಾ. ನಟ ಅಲ್ಲ, ಬಡಗಿ. ಈ ಸೆನ್ಯೊರಿತಾ ಹೇಳಿದ್ದು ಅರ್ಧ ಸರಿ. ಆ ನಗು ತಾನಾಗಿ ಬಂದಿದ್ದಲ್ಲ. ಹತ್ತು ಸಲ ಆಗಲಿಲ್ಲ, ಹನ್ನೊಂದನೇ ಸಲ ಬಂತು. ಇನ್ನರ್ಧ ತಪ್ಪು. ಅದು ಯುರೋಪಿಂದ ಬಂದಿದ್ದಲ್ಲ. ನಮ್ಮೂರಲ್ಲಿ ಚಿಕ್ಕ ಮಗು ತೀರಿಕೊಂಡ್ರೆ ಹಾಗೇ ನಗಬೇಕು. ಇಲ್ಲಿಂದ ಬಸ್ಸಲ್ಲಿ ಮೂರು ಗಂಟೆ, ಆಮೇಲೆ ದೋಣಿ. ಯುರೋಪಿಗಿಂತ ಹತ್ತಿರ.”

ಯಾರೂ ನಗಲಿಲ್ಲ.

ಅವನು ಮೈಕನ್ನು ಕುರ್ಚಿಯ ಮೇಲೆ ಮೆಲ್ಲಗೆ ಇಟ್ಟು ಹೊರಗೆ ಹೋದ. ಅವನು ಕೂಗಾಡಿದ್ದರೆ ಚೆನ್ನಾಗಿತ್ತು... ಕೂಗಾಡಿದವನಿಗೆ ತಿರುಗಿ ಏನಾದರೂ ಅನ್ನಬಹುದಿತ್ತು!

*

ಎವಾರಿಸ್ತೊ ರಿಯಾಸ್ಕೊಸ್‌ನ ಐದು ಸಿನಿಮಾಗಳ ಬಗ್ಗೆ ನಿದಿಯಾ ಹದಿನೇಳು ಸಲ ಬರೆದಿದ್ದಳು. ಕ್ಲಬ್ಬಿನ ಬಾಗಿಲಲ್ಲಿ ಹಂಚುವ ಹಳದಿ ಹಾಳೆಯಲ್ಲಿ, ‘ಒಬ್ಬ ಪ್ರೇಕ್ಷಕಿಯ ಅಭಿಪ್ರಾಯ’ ಎಂಬ ತಲೆಬರಹದ ಕೆಳಗೆ. ಆಟಕ್ಕೆ ಮುಂಚೆ ಬರೆದವರೇ ಅದನ್ನು ಓದುವುದು ಪದ್ಧತಿ. ರಕ್ತಪಿಶಾಚಿಯನ್ನು ಕಬ್ಬಿನ ಗಾಣಕ್ಕೆ ತಂದವನು, ಮಂಗಳ ಗ್ರಹದವರನ್ನು ಮದುವೆ ಊಟಕ್ಕೆ ಕೂರಿಸಿದವನು, ಭಯ ಹುಟ್ಟಿಸುತ್ತಲೇ ಕಚಗುಳಿ ಇಡುವವನು... ಅವನನ್ನು ತನ್ನಷ್ಟು ಅರ್ಥ ಮಾಡಿಕೊಂಡವರು ಊರಲ್ಲೇ ಇಲ್ಲ ಎಂದು ಅವಳು ನಂಬಿದ್ದಳು.

ಆದರೆ ಅವನು ಹುಟ್ಟಿದ ಊರಿನ ನದಿಯ ಹೆಸರೂ ಅವಳಿಗೆ ಗೊತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಅವಳು ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕೂತಿದ್ದಳು. ಅದೇ ಅವಳ ಕೆಲಸ. ಪಕ್ಕದಲ್ಲಿ ಸ್ಟಿಯರಿಂಗ್ ಹಿಡಿದು ಕೂತಿದ್ದವರು ದೋನ್ಯಾ ಮೆಲ್ಬಾ. ಅರವತ್ತೆರಡು ವರ್ಷ, ಅದೇ ಪೆಸಿಫಿಕ್ ಕರಾವಳಿಯ ಬುವೆನಾವೆಂತುರಾ ಬಂದರಿನವರು, ಕಾರು ಕಲಿಯುವುದು ಬದುಕಿನ ಕೊನೆಯ ಹಟ.

“ಬ್ರೇಕ್! ದೋನ್ಯಾ ಮೆಲ್ಬಾ, ಬ್ರೇಕ್!”

“ಹಾಕ್ತೀನಿ ಇರಮ್ಮ. ಗೋಡೆ ಎಲ್ಲಿಗೂ ಓಡಿ ಹೋಗಲ್ಲ.”

ನಿದಿಯಾ ತನ್ನ ಕಡೆಯ ಬ್ರೇಕನ್ನು ತುಳಿದಳು. ಕಾರು ಮುಗ್ಗರಿಸಿ ನಿಂತಿತು. ಸ್ವಲ್ಪ ಹೊತ್ತು ಇಬ್ಬರೂ ಗೋಡೆಯನ್ನು ನೋಡಿದರು.

“ದೋನ್ಯಾ ಮೆಲ್ಬಾ... ನಿಮ್ಮ ಕಡೆ ಮಕ್ಕಳು ಸತ್ರೆ ನಗ್ತಾರಾ?”

ಮುದುಕಿ ತಿರುಗಿ ನೋಡಿದರು. “ಯಾರು ಹೇಳಿದ್ರು ನಿಂಗೆ?”

ನಿದಿಯಾ ಎಲ್ಲ ಹೇಳಿದಳು. ಅಣಕಿಸಿದ್ದನ್ನು ಹೇಳುವಾಗ ಅವಳ ದನಿ ತಗ್ಗಿತು.

“ಅಯ್ಯೋ ಮಗಳೇ, ಅಷ್ಟು ಓದಿದೀಯ, ಇದೊಂದು ಗೊತ್ತಿಲ್ವಾ? ಅದಕ್ಕೆ ಚಿಗ್ವಾಲೊ ಅಂತೀವಿ. ಏಳು ವರ್ಷದೊಳಗಿನ ಮಗು ಹೋದ್ರೆ ಅದು ನೇರವಾಗಿ ದೇವದೂತ. ಪಾಪ ಮಾಡೋಕೆ ಟೈಮೇ ಸಿಕ್ಕಿಲ್ವಲ್ಲ! ಅದಕ್ಕೆ ಹಾಡ್ತೀವಿ, ಆಟ ಆಡ್ತೀವಿ, ಒಬ್ರನ್ನೊಬ್ರು ಕಾಲೆಳೀತೀವಿ. ಪೆಟ್ಟಿಗೆ ಕೈಯಿಂದ ಕೈಗೆ ಹೋಗುತ್ತೆ. ಅಳಬಾರದು. ಅತ್ರೆ ರೆಕ್ಕೆ ಒದ್ದೆಯಾಗುತ್ತೆ, ಮಗು ಹಾರೋಕೆ ಆಗಲ್ಲ.”

“ತಾಯಿನೂ ಅಳಬಾರದಾ?”

“ಎಲ್ರಿಗಿಂತ ಮೊದಲು ತಾಯಿನೇ ಅಳಬಾರದು.” ದೋನ್ಯಾ ಮೆಲ್ಬಾ ಸ್ಟಿಯರಿಂಗ್ ಮೇಲೆ ಬೆರಳಾಡಿಸಿದರು. “ನಂಗೂ ಒಂದು ಹೋಗಿದೆ. ನಾನೂ ಹಾಡಿದೀನಿ. ಗಂಟಲು ಹರಿದು ಹೋಗೋ ಹಾಗೆ ಹಾಡಿದೀನಿ. ನಿನ್ನ ಕ್ಲಬ್ಬಲ್ಲಿ ಅದನ್ನೂ ಸುಳ್ಳು ಅಂತಿದ್ಯೇನೋ.”

ನಿದಿಯಾಳಿಗೆ ಮುಖವನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಕಾರೊಳಗೆ ಮುಖ ಮುಚ್ಚಿಕೊಳ್ಳುವಷ್ಟು ಜಾಗವೂ ಇರಲಿಲ್ಲ.

“ಈಗ ಇಳಿದು ಹೋಗಿ ಅವನ ಹತ್ರ ಕ್ಷಮೆ ಕೇಳು. ಕಾರು ನಾನು ಇಡ್ತೀನಿ.”

“ಕಾರು ನೀವು ಮುಟ್ಟಬೇಡಿ!”

*

ಒಬ್ರೆರೊ ಬಡಾವಣೆಯಲ್ಲಿ ಅವನ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲ ಹೊರಗೆ ಅರ್ಧ ಬಣ್ಣ ಬಳಿದ ಹಾರುವ ತಟ್ಟೆಯೊಂದು ಗೋಡೆಗೆ ಒರಗಿತ್ತು. ಯಾವುದೋ ಚಿತ್ರೀಕರಣಕ್ಕೆ ಮಾಡಿದ್ದು. ಒಳಗೆ ದೈರೊ ಒಂದು ಬಾಗಿಲಿನ ಅಂಚು ಕೀಸುತ್ತಿದ್ದ. ಅವಳನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ.

“ಓಹೋ, ದೊಡ್ಡ ವಿಮರ್ಶಕರು! ಬಾಗಿಲು ಬೇಕಿತ್ತಾ?”

“ಕ್ಷಮೆ ಕೇಳೋಕೆ ಬಂದೆ.”

“ಕೇಳಿ.”

ಅವಳು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ವಾಕ್ಯಗಳೆಲ್ಲ ಕಾಲ ಕೆಳಗಿನ ಮರದ ಸಿಪ್ಪೆಯಂತೆ ಸುರುಳಿ ಸುತ್ತಿಕೊಂಡವು. “ನನಗೆ ಗೊತ್ತಿರಲಿಲ್ಲ. ಚಿಗ್ವಾಲೊ ಬಗ್ಗೆ... ಗೊತ್ತಿದ್ರೆ ಹಾಗೆ ಹೇಳ್ತಿರಲಿಲ್ಲ. ಅಣಕಿಸಿದ್ದಂತೂ... ನಾಚಿಕೆಯಾಗ್ತಿದೆ.”

“ನಂಗೆ ಬೇಜಾರಾಯ್ತು ಅಂತ ಕೇಳ್ತಿದೀರಾ, ಇಲ್ಲಾ ಅಭಿಪ್ರಾಯ ಬದಲಾಯ್ತಾ?”

“ಅಂದ್ರೆ?”

“ಈಗಲೂ ಆ ನಗು ಸುಳ್ಳು ಅನ್ನಿಸುತ್ತಾ?”

ಅವಳು ತಡವರಿಸಿದಳು. ಹೌದು ಅಂದರೂ ಕಷ್ಟ, ಇಲ್ಲ ಅಂದರೂ ಕಷ್ಟ. “ಬಲವಂತದ್ದು... ಅನ್ನಿಸುತ್ತೆ.”

ಅವನ ಕೈ ನಿಂತಿತು. ಮೊದಲ ಸಲ ಅವನು ಅವಳನ್ನು ಸರಿಯಾಗಿ ನೋಡಿದ. ಆಮೇಲೆ ನಕ್ಕ. ಪರದೆಯ ಮೇಲಿನ ನಗುವಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಚಿಕ್ಕದು, ಮೂಗಿನಲ್ಲೇ ಮುಗಿದುಹೋಗುವಂಥದು.

“ಇದು ಸರಿ! ಮೂರು ತಿಂಗಳಿಂದ ಎಲ್ರೂ ನಂಗೆ ‘ಅದ್ಭುತ, ಅದ್ಭುತ’ ಅಂತಾರೆ. ಯಾರಿಗೂ ನಿಜ ಹೇಳೋ ಧೈರ್ಯ ಇಲ್ಲ. ಒಂದು ಕೇಳ್ಲಾ? ಆ ಸೀನ್ ನೋಡಿದಾಗ ನಿಮಗೆ ಏನನ್ನಿಸ್ತು? ಬರೆದಿದ್ದಲ್ಲ. ಒಳಗೆ.”

ನಿದಿಯಾ ನೋಟ ತಪ್ಪಿಸಿ ಕಾಲ ಬಳಿಯ ಮರದ ಸಿಪ್ಪೆಗಳನ್ನು ನೋಡಿದಳು.

“ಏನೂ ಅನ್ನಿಸಲಿಲ್ಲ,” ಎಂದಳು.

“ಪರವಾಗಿಲ್ಲ. ಏನೂ ಅನ್ನಿಸದೇ ಇರೋದೂ ಒಂದು ಅಭಿಪ್ರಾಯವೇ.”

ಅವನು ಕುರ್ಚಿಯ ಮೇಲಿನ ಹುಡಿಯನ್ನು ಅಂಗೈಯಿಂದ ಒರೆಸಿ ಅವಳತ್ತ ಸರಿಸಿದ. ಅವಳು ಕೂತಳು. ಕೂತಾಗ ಆ ಸುಳ್ಳೂ ಅವಳ ಜೊತೆ ಕೂತಿತು.

*

ಕ್ಲಬ್ಬಿನಲ್ಲಿ ರಿಯಾಸ್ಕೊಸ್‌ನ ಸಿನಿಮಾಗಳನ್ನು ಹೊಸದರಿಂದ ಹಳೆಯದರ ಕಡೆಗೆ ತೋರಿಸುತ್ತಿದ್ದರು, ಶನಿವಾರಕ್ಕೊಂದು. ಎರಡನೆಯ ಶನಿವಾರ ದೈರೊ ಬಂದ. ಅವಳ ಪಕ್ಕದ ಕುರ್ಚಿ ಖಾಲಿ ಇತ್ತು. ಖಾಲಿ ಇರಲೆಂದು ಅವಳು ಚೀಲ ಇಟ್ಟಿದ್ದಳು ಎಂಬುದು ಬೇರೆ ಮಾತು.

“ಮೀನುಪೇಟೆಯ ಗನ್ನುಗಾರ” ಓಡುತ್ತಿತ್ತು. ಇಬ್ಬರು ಬಂದೂಕುಧಾರಿಗಳು ಕುದುರೆಗಳಿಲ್ಲದೆ ದೋಣಿಗಳಲ್ಲಿ ನಿಂತು ದ್ವಂದ್ವಕ್ಕೆ ಸಿದ್ಧರಾದಾಗ, ನಡುವೆ ಒಬ್ಬಳು ಹೆಂಗಸು ಮೀನಿನ ಬುಟ್ಟಿ ಹೊತ್ತು ಬಂದಳು. ಇಬ್ಬರೂ ಬಂದೂಕು ಇಳಿಸಿ ಚೌಕಾಸಿಗೆ ನಿಂತರು.

“ಇಲ್ಲೇ ನೋಡಿ,” ನಿದಿಯಾ ಪಿಸುಗುಟ್ಟಿದಳು, “ರಿಯಾಸ್ಕೊಸ್‌ಗೆ ಒಂದು ಸಿನಿಮಾ ಒಂದೇ ಸಿನಿಮಾ ಆಗಿರೋದು ಇಷ್ಟವೇ ಇಲ್ಲ. ಹೊಡೆದಾಟ, ಹಾಸ್ಯ, ಸಂತೆ ಎಲ್ಲಾ ಬೆರೆಸಿಬಿಡ್ತಾನೆ.”

“ಬೆರೆಸೋದೆಲ್ಲಿ ಬಂತು? ನಮ್ಮೂರಲ್ಲಿ ಯಾರೂ ಬೇರೆ ಮಾಡಿಯೇ ಇಲ್ಲ.”

ಅವಳು ಕತ್ತಲಲ್ಲಿ ಅವನತ್ತ ತಿರುಗಿದಳು. ಹದಿನೇಳು ಹಾಳೆಗಳಲ್ಲಿ ಹೇಳಲಾಗದ್ದನ್ನು ಇವನು ಒಂದೇ ಸಾಲಿನಲ್ಲಿ ಹೇಳಿ ಮತ್ತೆ ಪರದೆ ನೋಡುತ್ತಿದ್ದ.

“ಮತ್ತೆ ಆ ಅಲೆ? ದ್ವಂದ್ವದ ಮಧ್ಯೆ ಉಕ್ಕಿ ಬರೋ ಅಲೆ? ವಿಧಿಯ ಸಂಕೇತ ಅಂತ ಬರೆದಿದ್ದೆ ನಾನು.”

“ಅವತ್ತು ಸಮುದ್ರದ ಉಬ್ಬರ ಬೇಗ ಬಂತು. ಒಂದು ಕ್ಯಾಮೆರಾ ಮುಳುಗಿತು. ಎವಾರಿಸ್ತೊ ಬೈಗುಳ ಕೇಳಿದ್ರೆ ನೀವು ಸಂಕೇತ ಅಂತಿರಲಿಲ್ಲ.”

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮುಂದಿನ ಸಾಲಿನವರು ತಿರುಗಿ ನೋಡುವಷ್ಟು ನಕ್ಕಳು.

ಮೂರನೆಯ ಶನಿವಾರ ಮಂಗಳ ಗ್ರಹದವರ ಸಿನಿಮಾ. ಕೊನೆಯ ಇಪ್ಪತ್ತು ನಿಮಿಷ ಎಳೆದಿದೆ ಎಂದು ಅವಳು, ವಧುವಿನ ಅತ್ತೆ ಮಂಗಳದವರಿಗೆ ಎರಡನೇ ಸಲ ಬಡಿಸದೆ ಸಿನಿಮಾ ಹೇಗೆ ಮುಗಿಸೋದು ಎಂದು ಅವನು. ವಾದ ಸಭಾಂಗಣದಿಂದ ಬೀದಿಗೆ, ಬೀದಿಯಿಂದ ನದಿಯ ದಂಡೆಗೆ ಬಂತು. ಸಂಜೆಯ ಗಾಳಿ ಬೆಟ್ಟದಿಂದ ಇಳಿದು ಊರಿಗೆಲ್ಲ ಉಸಿರು ಕೊಡುತ್ತಿತ್ತು. ಇಬ್ಬರ ಕೈಯಲ್ಲೂ ಹಣ್ಣು, ಪುಡಿ ಮಾಡಿದ ಮಂಜುಗಡ್ಡೆ ತುಂಬಿದ ಲೋಟ.

“ಹನ್ನೊಂದು ಸಲ ಯಾಕೆ ಬೇಕಾಯ್ತು?” ಅವಳು ಕೇಳಿಬಿಟ್ಟಳು.

ಅವನು ಚಮಚದಿಂದ ಮಂಜನ್ನು ಕುಟ್ಟಿದ. ಬಹಳ ಹೊತ್ತು ಕುಟ್ಟಿದ.

“ನನ್ನ ತಂಗಿ ನೆಲ್ಸಿಗೆ ಒಬ್ಬ ಮಗ ಇದ್ದ. ಯೆಸಿದ್. ಮೂರು ವರ್ಷ. ನಾನು ಅವನಿಗೆ ಜ್ಞಾನಪಿತ, ದೀಕ್ಷಾಸ್ನಾನದಲ್ಲಿ ಎತ್ಕೊಂಡವನು. ಜ್ವರ ಬಂತು, ದೋಣಿ ಸಿಗೋ ಹೊತ್ತಿಗೆ... ನಾನು ಇಲ್ಲಿಂದ ಹೋದೆ. ಚಿಗ್ವಾಲೊದಲ್ಲಿ ಆಟ ಶುರು ಮಾಡಬೇಕಾದವನು ಜ್ಞಾನಪಿತ. ಪೆಟ್ಟಿಗೆ ಎತ್ತಿ ಮೊದಲ ಹೆಜ್ಜೆ ಹಾಕಬೇಕಾದವನು ನಾನು. ಎಲ್ರೂ ಕಾಯ್ತಿದ್ರು.”

“ಮತ್ತೆ?”

“ಅತ್ತೆ. ನೆಲಕ್ಕೆ ಬಿದ್ದು ಅತ್ತೆ. ಮುದುಕಿಯರು ನನ್ನನ್ನ ಹೊರಗೆ ಎಳ್ಕೊಂಡು ಹೋದ್ರು. ಒಳಗೆ ನೆಲ್ಸಿ ಒಬ್ಳೇ ಹಾಡ್ತಿದ್ಲು. ಒಂದು ಹನಿ ಹಾಕಲಿಲ್ಲ ಅವಳು. ಇವತ್ತಿನವರೆಗೂ ಅದರ ಬಗ್ಗೆ ಒಂದು ಮಾತಾಡಿಲ್ಲ. ಬೈದಿದ್ರೆ ಆಗ್ತಿತ್ತು.”

ನೀರು ಕಲ್ಲುಗಳ ನಡುವೆ ಹರಿಯುತ್ತಿತ್ತು.

“ಎವಾರಿಸ್ತೊ ನಮ್ಮ ನದಿ ದಂಡೆಯವನೇ. ಅವನಿಗೆ ಗೊತ್ತಿತ್ತು. ‘ಬಾ, ಇನ್ನೊಂದ್ಸಲ ಮಾಡು’ ಅಂದ. ಅದಕ್ಕೆ ಒಪ್ಕೊಂಡೆ. ಹತ್ತು ಸಲ ಅತ್ತೆ. ಹನ್ನೊಂದನೇ ಸಲ ಯೆಸಿದ್‌ಗೋಸ್ಕರ ನಕ್ಕೆ. ನೀವು ಬಲವಂತದ್ದು ಅಂದಿದ್ದು ನಿಜ. ಒಬ್ಬ ಪ್ರೇಕ್ಷಕಿಗಾದ್ರೂ ಅದು ಕಂಡಿತಲ್ಲ, ಸಾಕು ಅನ್ನಿಸ್ತು ಆಮೇಲೆ. ನೀವು ಅನ್ನಿಸಿದ್ದನ್ನ ಅನ್ನಿಸಿದ ಹಾಗೇ ಹೇಳ್ತೀರಿ. ಅದು ನಂಗೆ... ಇಷ್ಟ.”

ಆ ಕೊನೆಯ ಪದವನ್ನು ಅವನು ಲೋಟದೊಳಗೆ ಹೇಳಿದ. ಆದರೂ ಅವಳಿಗೆ ಕೇಳಿಸಿತು.

‘ಈಗ ಹೇಳು, ನಿದಿಯಾ! ಈಗಲೇ ಹೇಳಿಬಿಡು!’

ಅವಳು ಹೇಳಲಿಲ್ಲ. ಜೀವನದಲ್ಲಿ ಮೊದಲ ಸಲ ಯಾರೋ ಅವಳನ್ನು ಮೆಚ್ಚಿದ್ದರು. ಮೆಚ್ಚಿದ್ದು ಯಾವ ಗುಣವನ್ನೋ, ಅದೊಂದೇ ಅವಳಲ್ಲಿ ಇರಲಿಲ್ಲ. ಮಂಜು ಕರಗಿ ಲೋಟದಲ್ಲಿ ಬಣ್ಣದ ನೀರಾಯಿತು. ಅವಳು ಅದನ್ನು ಗಟಗಟನೆ ಕುಡಿದಳು, ನಾಚಿಕೆಯನ್ನು ನುಂಗುವವಳಂತೆ.

*

ನಾಲ್ಕನೆಯ ಶನಿವಾರ. ಟಿಕೆಟ್ ಕಿಂಡಿಯ ರುಬಿಯೆಲಾ ಇಪ್ಪತ್ತು ವರ್ಷದಿಂದ ಅಲ್ಲೇ ಕೂತವಳು, ಎಲ್ಲರ ಸುದ್ದಿ ಬಲ್ಲವಳು. ದೈರೊ ಟಿಕೆಟ್ಟಿಗೆ ಬಗ್ಗಿದಾಗ ಅವಳ ಕಣ್ಣರಳಿತು.

“ಅಯ್ಯೋ, ನೀವೇ ಅಲ್ವಾ ಆ ಪೆಟ್ಟಿಗೆ ಹಿಡಿದು ನಗೋರು! ಈ ಹುಡುಗೀನ ಎಷ್ಟು ಅಳಿಸಿದ್ರಿ ಗೊತ್ತಾ?”

“ರುಬಿಯೆಲಾ...” ನಿದಿಯಾ ಅವಳನ್ನು ತಡೆಯಲು ನೋಡಿದಳು.

“ನಾಚ್ಕೋತಾಳೆ ನೋಡಿ! ಹಾಳೆ ಬರೆಯೋಕೆ ಅಂತ ಆ ಮಂಗಳವಾರ ಬೆಳಿಗ್ಗೆ ಇವಳಿಗೊಬ್ಳಿಗೇ ಸಿನಿಮಾ ಹಾಕಿದ್ವಿ. ಒಳಗಿಂದ ಅಳು! ಯಾರೋ ಬಿದ್ದು ಕಾಲು ಮುರ್ಕೊಂಡ್ರೇನೋ ಅಂತ ಓಡಿದೆ. ನೋಡಿದ್ರೆ ಇವಳು ಕುರ್ಚಿಗಳ ಮಧ್ಯೆ ಕೂತು ಬಿಕ್ಕಿ ಬಿಕ್ಕಿ ಅಳ್ತಾ ಇದಾಳೆ. ಎರಡು ಲೋಟ ನೀರು ಕುಡಿಸಿದೆ. ‘ಕಾಮಿಡಿ ಸಿನಿಮಾಗೆ ಯಾರಮ್ಮ ಹಿಂಗೆ ಅಳ್ತಾರೆ’ ಅಂತ ನಾನೇ ನಕ್ಕೆ...”

ಸರದಿಯಲ್ಲಿ ಹಿಂದೆ ನಿಂತವರು ತಳ್ಳಿದರು. ದೈರೊ ಪಕ್ಕಕ್ಕೆ ಸರಿದ. ಟಿಕೆಟ್ ತೆಗೆದುಕೊಳ್ಳಲಿಲ್ಲ.

“ನಿಜಾನಾ?”

ಅವಳು ತಲೆಯಾಡಿಸಿದಳು.

“ಏನೂ ಅನ್ನಿಸಲಿಲ್ಲ ಅಂದ್ರಿ.”

“ದೈರೊ, ನಾನು...”

“ಅವತ್ತು ನದಿ ಹತ್ರ ನನ್ನದೆಲ್ಲಾ ಹೇಳ್ದೆ. ಆಗಲೂ ಬಾಯಿ ಬಿಡಲಿಲ್ಲ.” ಅವನು ದನಿ ಏರಿಸಲಿಲ್ಲ. ಅವನು ಯಾವತ್ತೂ ಏರಿಸುತ್ತಿರಲಿಲ್ಲ. “ನಾನು ಅಳು ನುಂಗಿ ನಕ್ಕಿದ್ದು ಒಂದು ಮಗುವಿಗೋಸ್ಕರ. ನೀವೂ ಅಳು ನುಂಗಿ ನಕ್ರಿ, ಎಂಬತ್ತು ಜನರ ಮುಂದೆ. ಅದು ಯಾರಿಗೋಸ್ಕರ?”

ಅವಳ ಬಳಿ ಉತ್ತರ ಇತ್ತು. ಅದು ಬಹಳ ಚಿಕ್ಕದಾಗಿತ್ತು, ಬಹಳ ಕೊಳಕಾಗಿತ್ತು. ಬಾಯಿ ತೆರೆದರೂ ಹೊರಗೆ ಬರಲಿಲ್ಲ.

ಅವನು ಮೆಟ್ಟಿಲು ಇಳಿದು ಹೋದ. ಒಳಗೆ ರಕ್ತಪಿಶಾಚಿ ಕಬ್ಬಿನ ಹಾಲು ಕುಡಿಯುತ್ತಿದ್ದ ದೃಶ್ಯಕ್ಕೆ ಜನ ಹೋ ಎಂದು ನಗುವುದು ಕೇಳಿಸಿದಾಗಲೂ ನಿದಿಯಾ ಕಿಂಡಿಯ ಪಕ್ಕದ ಗೋಡೆಗೆ ಆತುಕೊಂಡೇ ನಿಂತಿದ್ದಳು.

*

ಆ ವಾರ ದೋನ್ಯಾ ಮೆಲ್ಬಾ ಎರಡು ಸಲ ಕೆಂಪು ದೀಪ ದಾಟಿದರು. ನಿದಿಯಾ ಬೈಯಲಿಲ್ಲ.

“ಮಗಳೇ, ನೀನು ಬೈದೇ ಇದ್ರೆ ನಂಗೆ ಭಯ ಆಗುತ್ತೆ,” ಎಂದರು ಮುದುಕಿ.

ಅವನು ಫೋನು ಎತ್ತಲಿಲ್ಲ. ಅಂಗಡಿಗೆ ಹೋದಳು; ಬೀಗ. ಚಿತ್ರೀಕರಣದ ಕೆಲಸಕ್ಕೆ ಹೋಗಿದ್ದಾನೆ ಎಂದರು ಪಕ್ಕದವರು. ಶುಕ್ರವಾರ ಅವಳು ಹೊಸ ಹಾಳೆಯನ್ನು ದೋನ್ ಉಲ್ಪಿಯಾನೊ ಕೈಗೆ ಕೊಟ್ಟಳು. ಅವರು ಎರಡು ಸಲ ಓದಿದರು.

“ಇದನ್ನ ಪಾದ್ರಿ ಮುಂದೆ ಹೇಳ್ಬೇಕು, ಮಗಳೇ. ಹಾಳೇಲಿ ಅಭಿಪ್ರಾಯ ಇರ್ಬೇಕು.”

“ಇದೇ ನನ್ನ ಅಭಿಪ್ರಾಯ. ಮೊದಲನೇ ಸಲ.”

“ಇದು ಓದಿದ ಮೇಲೆ ನಿನ್ನ ಹಾಳೆ ಯಾರು ನಂಬ್ತಾರೆ?”

“ಯಾರೂ ನಂಬಲ್ಲ, ದೋನ್ ಉಲ್ಪಿಯಾನೊ. ಅದಕ್ಕೇ ಇದು ಕೊನೇ ಹಾಳೆ.”

ಅವರು ಕನ್ನಡಕ ತೆಗೆದು ಮೂಗು ಒತ್ತಿಕೊಂಡರು. ತಾನೂ ಅವತ್ತು ಕಣ್ಣೀರು ಬರುವಂತೆ ನಕ್ಕಿದ್ದು ಅವರಿಗೆ ನೆನಪಾಗಿರಬೇಕು. ಸುಮ್ಮನೆ ಹಾಳೆಯನ್ನು ಅಚ್ಚಿಗೆ ಕಳಿಸಿದರು.

ಐದನೆಯ ಶನಿವಾರ ಸಭಾಂಗಣ ತುಂಬಿತ್ತು. ರಿಯಾಸ್ಕೊಸ್‌ನ ಮೊದಲ ಸಿನಿಮಾ “ದೋಣಿಕಟ್ಟೆಯ ದೆವ್ವ” ಅಪರೂಪದ್ದು. ಎಲ್ಲರ ಕೈಯಲ್ಲೂ ಹಳದಿ ಹಾಳೆ. ನಿದಿಯಾ ಪರದೆಯ ಮುಂದೆ ನಿಂತು ಸಾಲು ಸಾಲಾಗಿ ಹುಡುಕಿದಳು. ಅವನು ಎಲ್ಲೂ ಕಾಣಲಿಲ್ಲ. ಪರವಾಗಿಲ್ಲ... ಅವನು ಕೇಳಲಿ ಅಂತಲ್ಲವಲ್ಲ ಇದು. ಹೌದಾ? ಅಲ್ಲವಾ?

ಅವಳು ಓದಿದಳು.

“ನಾಲ್ಕು ವಾರದ ಹಿಂದೆ ಇದೇ ಜಾಗದಲ್ಲಿ ನಿಂತು ಒಂದು ನಗುವನ್ನು ಸುಳ್ಳು ಎಂದೆ. ಅದನ್ನು ಅಣಕಿಸಿದೆ. ನೀವು ನಕ್ಕಿರಿ. ಆದರೆ ಆ ದೃಶ್ಯವನ್ನು ಮೊದಲ ಸಲ ಒಬ್ಬಳೇ ನೋಡಿದಾಗ ನಾನು ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತು ಅತ್ತಿದ್ದೆ. ಯಾಕೆ ಅತ್ತೆ ಎಂದು ನನಗೆ ತಿಳಿಯಲಿಲ್ಲ. ತಿಳಿಯದ್ದನ್ನು ಬರೆಯಲು ನಾಚಿಕೆಯಾಯಿತು. ಹಾಸ್ಯ ಸಿನಿಮಾಕ್ಕೆ ಅತ್ತವಳು ಎಂದು ನೀವು ನಗುತ್ತೀರಿ ಎಂದು ಹೆದರಿದೆ. ಅದಕ್ಕೆ ನಾನೇ ಮೊದಲು ನಕ್ಕೆ, ಬೇರೆಯವರ ಮೇಲೆ.

“ರಿಯಾಸ್ಕೊಸ್ ಅದನ್ನೂ ಇದನ್ನೂ ಬೆರೆಸುತ್ತಾನೆ ಎಂದು ಹದಿನೇಳು ಸಲ ಬರೆದಿದ್ದೇನೆ. ತಪ್ಪು. ಅಳುವನ್ನೂ ನಗುವನ್ನೂ ಬೇರೆ ಬೇರೆ ಡಬ್ಬಿಗಳಲ್ಲಿ ಇಟ್ಟು ಬೀಗ ಹಾಕಿದವಳು ನಾನು. ಅವನ ಊರಿನಲ್ಲಿ ಆ ಡಬ್ಬಿಗಳೇ ಇಲ್ಲ. ಯುರೋಪಿನ ಕತ್ತಲ ಹಾಸ್ಯ ನನಗೆ ಬಾಯಿಪಾಠ. ಮೂರು ಗಂಟೆಯ ದಾರಿಯ ಸಾವಿನ ಮನೆ ನನಗೆ ಗೊತ್ತಿರಲಿಲ್ಲ.

“ಅವತ್ತು ಈ ಸಭಾಂಗಣದಲ್ಲಿ ಒಂದು ಸುಳ್ಳು ನಗು ಇತ್ತು. ಅದು ನನ್ನದು. ಇಷ್ಟೇ ಈ ಪ್ರೇಕ್ಷಕಿಯ ಅಭಿಪ್ರಾಯ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೋ ಕೆಮ್ಮಿದರು. ಎರಡನೇ ಸಾಲಿನ ಹುಡುಗಿಯೊಬ್ಬಳು ಹಾಳೆಯನ್ನು ಮಡಚಿ ಮಡಚಿ ಚಿಕ್ಕದು ಮಾಡಿದಳು. ನಿದಿಯಾಳ ಕೆನ್ನೆ, ಕಿವಿ, ಕುತ್ತಿಗೆ ಎಲ್ಲ ಉರಿಯುತ್ತಿದ್ದವು. ದೀಪ ಆರಿದ್ದೇ ಅವಳಿಗೆ ದೊಡ್ಡ ಉಪಕಾರ. ತಡಕಾಡುತ್ತ ಗೋಡೆಯ ಪಕ್ಕದ ಕುರ್ಚಿಗೆ ಬಂದು ಕುಸಿದಳು.

ಪರದೆಯ ಮೇಲೆ ಮಂಜು, ನದಿ, ಮರದ ಕಟ್ಟೆ. ದೆವ್ವವೊಂದು ಟಿಕೆಟ್ ಇಲ್ಲದೆ ದೋಣಿ ಹತ್ತಲು ನೋಡಿ ಬೈಸಿಕೊಳ್ಳುತ್ತಿತ್ತು. ಜನ ಮೆಲ್ಲಗೆ ನಗತೊಡಗಿದರು.

ಪಕ್ಕದ ಕುರ್ಚಿ ಕಿರುಗುಟ್ಟಿತು.

“ಆ ಕಟ್ಟೇಲಿ ಬಲಗಡೆ ನಾಲ್ಕನೇ ಹಲಗೆ,” ಕತ್ತಲೊಳಗಿಂದ ಒಂದು ದನಿ ಬಂತು, “ನಾನೇ ಮೊಳೆ ಹೊಡೆದು ಕೂರಿಸಿದ್ದು. ಹದಿನೇಳು ವರ್ಷ ನಂಗೆ ಆಗ.”

ಅವಳಿಗೆ ತಿರುಗಿ ನೋಡಲು ಧೈರ್ಯವಾಗಲಿಲ್ಲ.

“ನೀವು... ಯಾವಾಗ ಬಂದ್ರಿ?”

“ರುಬಿಯೆಲಾ ಬಾಗಿಲ ಹತ್ರ ನಿಲ್ಲಿಸ್ಕೊಂಡ್ಲು. ‘ನನ್ನ ಬಾಯಿಂದ ಹಿಂಗಾಯ್ತು’ ಅಂತ ಅವಳ ಗೋಳು. ಅಲ್ಲಿಂದಲೇ ಕೇಳಿದೆ.”

“ಎಲ್ಲಾನೂ?”

“ಎಲ್ಲಾನೂ.”

ಪರದೆಯಲ್ಲಿ ದೆವ್ವ ಹಾಡಲು ಶುರು ಮಾಡಿತು. ಜನ ಜೋರಾಗಿ ನಕ್ಕರು. ಆ ನಗುವಿನ ಮರೆಯಲ್ಲಿ ಅವಳು ಹೇಳಿದಳು:

“ಅವತ್ತು ಯಾರಿಗೋಸ್ಕರ ಅಂತ ಕೇಳಿದ್ರಿ. ನನಗೋಸ್ಕರ. ನಾನು ಬುದ್ಧಿವಂತೆ ಅನ್ನಿಸ್ಕೊಳ್ಳೋಕೆ. ಅಷ್ಟೇ ಉತ್ತರ. ಇದಕ್ಕಿಂತ ಚೆನ್ನಾಗಿರೋದು ಇಲ್ಲ ನನ್ನ ಹತ್ರ.”

“ಹೂಂ.”

“ಬೈಯಿರಿ.”

“ಇಲ್ಲ. ಬೈಯದೇ ಇದ್ರೆ ಏನಾಗುತ್ತೆ ಅಂತ ನಂಗೆ ಗೊತ್ತು... ಆದ್ರೂ ಬೈಯೋಕೆ ಏನೂ ಉಳಿಸಿಲ್ಲ ನೀವು. ಎಲ್ಲಾ ನೀವೇ ಬೈಕೊಂಡ್ರಿ.” ಅವನು ಕೈಯಲ್ಲಿದ್ದ ಹಳದಿ ಹಾಳೆಯನ್ನು ಮಡಚಿದ. “ಆ ಹಾಳೆ ನೆಲ್ಸಿಗೆ ಕಳಿಸ್ಲಾ?”

“ಕಳಿಸಿ.”

“ನಾನು ಹೇಳ್ಬೇಕಾಗಿದ್ದೂ ಅದರಲ್ಲೇ ಇದೆ. ನಾಚಿಕೆ ಬಗ್ಗೆ. ಅವಳು ಮಾತಾಡ್ಲಿ ಅಂತ ಎರಡು ವರ್ಷ ಕಾಯ್ತಾ ಕೂತೆ. ನಾನೇ ಮೊದಲು ಮಾತಾಡ್ಬಹುದಿತ್ತು.”

ಅವಳ ಕಣ್ಣು ತುಂಬಿತು. ಇದು ಹಾಸ್ಯ ಸಿನಿಮಾ, ಸುತ್ತಲೂ ಎಲ್ಲರೂ ನಗುತ್ತಿದ್ದರು. ಅವಳು ಒರೆಸಿಕೊಳ್ಳಲಿಲ್ಲ.

“ಒಂದು ಕೇಳ್ತೀನಿ,” ಅವನು ಇನ್ನೂ ಹತ್ತಿರ ಬಾಗಿದ. ಹೊಸ ಮರದ ವಾಸನೆ. “ಅಂದಾಜಲ್ಲಿ ಹೇಳಬಾರದು. ಎಲ್ಲಿ ಅತ್ರಿ? ಸರಿಯಾಗಿ ಯಾವ ಜಾಗದಲ್ಲಿ?”

“ನಗುವಾಗ ಅಲ್ಲ.”

“ಮತ್ತೆ?”

“ನಕ್ಕು ಮುಗೀತು. ಪಕ್ಕದ ಹೆಂಗಸು ಪೆಟ್ಟಿಗೆಗೆ ಕೈ ಚಾಚಿದ್ಲು. ನೀವು ಕೊಡಬೇಕಿತ್ತು. ಕೊಡೋ ಮುಂಚೆ ಒಂದು ಕ್ಷಣ ಅದನ್ನ ಎದೆಗೆ ಒತ್ಕೊಂಡ್ರಿ. ಮಗು ನಿದ್ದೆಯಿಂದ ಎದ್ದುಬಿಡುತ್ತೇನೋ ಅನ್ನೋ ಹಾಗೆ, ಮೆತ್ತಗೆ. ಆಮೇಲೆ ಕೊಟ್ರಿ. ಅಲ್ಲಿ.”

ಪರದೆಯ ಬೆಳಕು ಅವನ ಮುಖದ ಮೇಲೆ ಹರಿದಾಡಿತು. ದವಡೆ ಬಿಗಿದು, ಸಡಿಲಾಗಿ, ಮತ್ತೆ ಬಿಗಿಯಿತು.

“ಎವಾರಿಸ್ತೊಗೂ ಅದು ಗೊತ್ತಿಲ್ಲ,” ಎಂದ ಕೊನೆಗೆ. “ಎಡಿಟ್ ಮಾಡಿದವರಿಗೂ ಗೊತ್ತಿಲ್ಲ. ಯಾರೂ ನೋಡಿಲ್ಲ ಅಂದ್ಕೊಂಡಿದ್ದೆ.”

“ನಾನು ನೋಡಿದೆ.”

ಅವನ ಒರಟು ಅಂಗೈ ಕತ್ತಲಲ್ಲಿ ಅವಳ ಕೈಯನ್ನು ಹುಡುಕಿಕೊಂಡು ಬಂತು, ಹಿಡಿಯಿತು.

“ಶ್!” ಹಿಂದಿನ ಸಾಲಿನಿಂದ ದೋನ್ ಉಲ್ಪಿಯಾನೊ ಗದರಿದರು. “ಮಾತು ಆಮೇಲೆ! ಈಗ ಸಿನಿಮಾ ನೋಡಿ!”

“ನೋಡ್ತಾ ಇದೀವಿ, ಮೇಷ್ಟ್ರೇ,” ಎಂದ ದೈರೊ, ಅವಳ ಮುಖವನ್ನೇ ನೋಡುತ್ತ.